ಕವುಚಿಟ್ಟ ಹರಿಗೋಲು

ಹೂಂಗುಟ್ಟುತ್ತಾ ಕೇಳಬೇಕು ಮಕ್ಕಳೇ, ಹೂಂ ನಿಂತರೆ ಕಥೆಯೂ ನಿಂತೀತು. ಬೆಟ್ಟದ ಸೀಮೆಯಲ್ಲಿ ಒಂದು ರಾಜ್ಯ. ಅದಕ್ಕೊಬ್ಬ ರಾಜ. ಒಳ್ಳೆಯವನೇ, ಆದರೆ ಕಾಯುವುದೆಂದರೆ ಅವನಿಗೆ ಆಗುತ್ತಿರಲಿಲ್ಲ.

ಅಲ್ಲೊಂದು ಹೊಳೆ. ಬಂಡೆ ಬಂಡೆಗೂ ಬಡಿದು ನೊರೆ ಕಾರುತ್ತಾ ಇಳಿಯುತ್ತಿತ್ತು. ದಾರಿಯಲ್ಲಿ ನೀರು ಹರಿಗೋಲನ್ನು ನುಂಗಬಲ್ಲ ಮೂರು ಗಂಡಾಂತರದ ಜಾಗ. ಮೊದಲನೆಯದರ ಹೆಸರು ಅತ್ತೆ, ಬೈದೇ ಬೈಯುತ್ತಾಳೆ. ಎರಡನೆಯದು ನಾದಿನಿ, ಅತ್ತಿಂದಿತ್ತ ಎಳೆದಾಡುತ್ತಾಳೆ. ಮೂರನೆಯದು ಮಾವ. ಅವನ ವಿಷಯ ಆಮೇಲೆ ಹೇಳುತ್ತೇನೆ, ಅವಸರ ಬೇಡ.

ಹರಿಗೋಲು ನಡೆಸುವವಳು ಕೆಂಚವ್ವ. ಬೆಳಗ್ಗೆ ಎದ್ದು ದಡದ ಆನೆಬಂಡೆ ನೋಡುವಳು. ನೀರು ಆನೆಯ ಮೊಣಕಾಲಿಗಿದ್ದರೆ ಹೊರಡುವಳು. ಹೊಟ್ಟೆಗಿದ್ದರೆ ಯೋಚಿಸುವಳು. ಕಿವಿ ಮುಟ್ಟಿದರೆ ಹರಿಗೋಲನ್ನು ಕವುಚಿಟ್ಟು ಅದರ ಮೇಲೆ ಕೂರುವಳು. ಕವುಚಿಟ್ಟ ಹರಿಗೋಲನ್ನು ಅರಸನೂ ಎತ್ತಿಸಬಾರದು, ಅದು ಅಜ್ಜಂದಿರ ಕಾಲದ ಕಟ್ಟಳೆ.

ಒಮ್ಮೆ ತುಂಬುಬಸುರಿ ರಾಣಿ ಹೊಳೆಗುಂಟ ಕೆಳಗಿರುವ ತವರಿಗೆ ಹೊರಟಳು. ಜೋಯಿಸರು ಮುಹೂರ್ತ ಇಟ್ಟರು. ಅಷ್ಟರಲ್ಲಿ ಬೆಟ್ಟದಲ್ಲಿ ಮಳೆ ಹೊಯ್ದು ನೀರು ಆನೆಯ ಕಿವಿ ಮುಟ್ಟಿತು.

ಮೊದಲನೆಯ ದಿನ ರಾಜ, "ಹರಿಗೋಲು ಎತ್ತು" ಎಂದ.

"ಆಗಲ್ಲ ಬುದ್ಧಿ" ಎಂದಳು ಕೆಂಚವ್ವ.

ಎರಡನೆಯ ದಿನ ಗದರಿದ. ಅವಳು ಕದಲಲಿಲ್ಲ.

ಮೂರನೆಯ ದಿನ, "ತಲೆ ತೆಗೆಸ್ತೀನಿ!" ಎಂದು ಗುಡುಗಿದ.

"ತೆಗೆಸಿ ಬುದ್ಧಿ. ಒಂದು ತಲೆ ಹೋಗ್ತದೆ. ಹರಿಗೋಲು ಎತ್ತಿದ್ರೆ ರಾಣಿಯಮ್ಮ, ಮಗು, ನಾನು, ಮೂರು ಹೋಗ್ತವೆ."

ಆಗ ಮುಂದೆ ಬಂದ ಅರಮನೆಯ ಊಳಿಗದ ಜಟ್ಟಪ್ಪ. ಕೆಂಚವ್ವನ ಕೆಲಸದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. "ದೊರೆ, ಇವಳದು ಪುಕ್ಕಲು. ನಿನ್ನೆ ಇದೇ ನೀರಲ್ಲಿ ತೆಪ್ಪ ಹಾಕ್ಕೊಂಡು ಮೂರನ್ನೂ ದಾಟಿದೆ. ಇವಳ ಹರಿಗೋಲಿನ ಹಕ್ಕು ನನಗೆ ಕೊಡಿ, ರಾಣಿಯಮ್ಮನ್ನ ನಾನು ತಲುಪಿಸ್ತೀನಿ."

ರಾಜನ ಮುಖ ಅರಳಿತು. ಕೆಂಚವ್ವ ಯೋಚಿಸಿದಳು. ಹಕ್ಕು ಹೋದರೆ ಹೋಗಲಿ, ರಾಣಿ ಹೋದರೆ? ಕೂತಲ್ಲಿಂದಲೇ ಕೇಳಿದಳು.

"ಅಣ್ಣಾ, ಅತ್ತೆ ಏನಂದಳು?"

"ಅಬ್ಬಬ್ಬಾ, ಏನು ಬೈಗುಳ!"

"ನಾದಿನಿ?"

"ಎಳೆದಾಡಿದಳು, ಬಿಡಿಸ್ಕೊಂಡೆ."

"ಮಾವ?"

"ಅವನೇ ಕಣವ್ವ ಮೂವರಲ್ಲಿ ಜೋರು! ಹತ್ತು ಹುಲಿ ಸೇರಿದ ಹಾಗೆ ಅರಚ್ತಾನೆ. ನಾನು ಹೆದರಲಿಲ್ಲ."

ಕೆಂಚವ್ವ ಎದ್ದಳು. "ಬುದ್ಧಿ, ಗುಡ್ಡ ಹತ್ತಿ ಮಾವನ್ನ ಒಂದು ಸಲ ನೋಡಿ. ಒಂದು ಬಾಳೆದಿಂಡೂ ತರಿಸಿ."

ಎಲ್ಲರೂ ಗುಡ್ಡ ಹತ್ತಿದರು. ಕೆಳಗೆ ಇಕ್ಕಟ್ಟಾದ ಬಂಡೆಗಳ ನಡುವೆ ನೀರು ಸದ್ದೇ ಇಲ್ಲದೆ ಮಲಗಿತ್ತು. ಹುಲಿಯೂ ಇಲ್ಲ, ಇಲಿಯೂ ಇಲ್ಲ. ಕೆಂಚವ್ವ ದಿಂಡನ್ನು ಎಸೆದಳು. ಅದು ತೇಲಿತು, ಒಂದು ಸುತ್ತು ತಿರುಗಿತು, ಮುಳುಗಿತು. ಕಾಯಲಾರದ ರಾಜ ಕಾದ. ಬಹಳ ಹೊತ್ತು ಕಾದ. ದಿಂಡು ಮೇಲೆ ಬರಲಿಲ್ಲ.

"ಮಾವ ಮಾತಾಡಲ್ಲ ಬುದ್ಧಿ, ಒಳಗೆ ಎಳ್ಕೋತಾನೆ. ನೀರು ಇಳಿದ ಮೇಲೇ ದಾರಿ ಬಿಡೋದು. ಜಟ್ಟಪ್ಪಣ್ಣ ದಾಟಿದೋನಲ್ವ? ಇನ್ನೊಂದು ಸಲ ದಾಟಿ ತೋರಿಸಲಿ."

ಜಟ್ಟಪ್ಪ ಅಲ್ಲೇ ಉದ್ದಕ್ಕೆ ಅಡ್ಡಬಿದ್ದ. "ತಪ್ಪಾಯ್ತು ದೊರೆ, ನಾನು ಹೊಳೆಗೆ ಕಾಲೂ ಇಟ್ಟಿಲ್ಲ!" ರಾಜ, ಹೆಂಡತಿಯನ್ನು ಯಾರ ಕೈಗೆ ಕೊಡಲು ಹೊರಟಿದ್ದೆ ಎಂದು ನಾಚಿಕೊಂಡ.

ಐದನೆಯ ದಿನ ನೀರು ಮೊಣಕಾಲಿಗಿಳಿಯಿತು. ಕೆಂಚವ್ವ ತಾನಾಗಿಯೇ ಹರಿಗೋಲು ಎತ್ತಿದಳು, ರಾಣಿಯನ್ನು ಕೂರಿಸಿದಳು. ಅತ್ತೆ ಬೈದಳು, ಕೆಂಚವ್ವ ಹುಟ್ಟು ಹಾಕಿದಳು. ನಾದಿನಿ ಎಳೆದಳು, ಕೆಂಚವ್ವ ಹುಟ್ಟು ಹಾಕಿದಳು. ಮಾವ ಸುಮ್ಮನಿದ್ದ. ಸುಮ್ಮನಿರುವ ನೀರು ಕಂಡರೆ ತೋಳಿಗೆ ಸುಸ್ತು ನೆನಪಾಗಿ ಹುಟ್ಟು ಬಿಡೋಣ ಅನ್ನಿಸುತ್ತದೆ. ಆದರೂ ಹಲ್ಲು ಕಚ್ಚಿ ಹುಟ್ಟು ಹಾಕಿದಳು. ಸಂಜೆಯ ಹೊತ್ತಿಗೆ ರಾಣಿ ತವರು ಸೇರಿದಳು. ಒಂಬತ್ತನೆಯ ದಿನ ಹೆಣ್ಣು ಹೆತ್ತಳು.

ಜಟ್ಟಪ್ಪನಿಗೆ ರಾಜ ಕೆಲಸ ಕೊಟ್ಟ. ದಿನಾ ಬೆಳಗ್ಗೆ ಆನೆಬಂಡೆ ನೋಡಿ ನೀರು ಎಲ್ಲಿದೆ ಎಂದು ಕೂಗಿ ಹೇಳಬೇಕು. ಅಂದಿನ ಮೊದಲ ಹರಿಗೋಲಿನಲ್ಲಿ ಅವನೂ ಕೂರಬೇಕು. ಆಮೇಲೆ ಅವನು ಒಂದು ಸುಳ್ಳೂ ಹೇಳಲಿಲ್ಲ.

ನೋಡಿದಿರಾ ಮಕ್ಕಳೇ? ಹೊಳೆಗೆ ಇಳಿಯಲು ಧೈರ್ಯ ಬೇಕು. ಇಳಿಯಬಾರದ ದಿನ ದಡದಲ್ಲಿ ಕೂರಲು ಅದಕ್ಕಿಂತ ಹೆಚ್ಚು ಧೈರ್ಯ ಬೇಕು. ಕಥೆ ದಡ ಸೇರಿತು, ಇನ್ನು ಹೂಂ ಅನ್ನುವುದು ಬೇಡ.