ಕೈ ಎತ್ತಿ ನಿಂತವನು

ಘಟಪ್ರಭೆಯ ದಂಡೆಯ ಮೇಲೆ ಒಂದು ಫುಟ್ಬಾಲ್ ಮೈದಾನ. ಮೈದಾನದ ಮೂಲೆಯಲ್ಲಿ ಒಂದು ಕೋಣೆ. ಆ ಕೋಣೆಯಲ್ಲಿ ಮಕ್ತುಮಸಾಬರು ಎಂಬ ಹಿರಿಯರು ಇದ್ದರು. ಸುತ್ತಲಿನ ಊರುಗಳಲ್ಲಿ ಚೆಂಡು ಒದೆಯಲು ಕಲಿತವರೆಲ್ಲ ಅವರನ್ನು ಉಸ್ತಾದ ಎಂದೇ ಕರೆಯುತ್ತಿದ್ದರು.

ಉಸ್ತಾದರ ಶಿಷ್ಯರಲ್ಲಿ ಗೋಲು ಹೊಡೆದು ಹೆಸರು ಮಾಡಿದವರು ಕೆಲವರಿದ್ದರು. ಅವರ ಫೋಟೊ ಪೇಪರಿನಲ್ಲಿ ಬರುತ್ತಿತ್ತು.

ಭರಮಣ್ಣನ ಫೋಟೊ ಕೂಡ ಬರುತ್ತಿತ್ತು. ಆದರೆ ಅವನು ಡಿಫೆಂಡರ್. ಗೋಲು ಹೊಡೆದ ಎದುರಾಳಿ ಮುಂದೆ ಕುಣಿಯುತ್ತಿರುವಾಗ, ಹಿಂದೆ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿರುವವನು ಯಾರು ಎಂದರೆ ಅವನೇ ಭರಮಣ್ಣ.

ಆಟ ಅವನನ್ನು ದೇಶವೆಲ್ಲ ಸುತ್ತಿಸಿತು. ಕೊಲ್ಕತ್ತ, ಗೋವಾ, ಕೋಳಿಕ್ಕೋಡು, ಪುಣೆ, ಶಿಲ್ಲಾಂಗ್. ಒಂದು ಕ್ಲಬ್ಬಿನಲ್ಲಿ ಒಂದು ಸೀಸನ್, ಹೆಚ್ಚೆಂದರೆ ಎರಡು. ಬ್ಯಾಗನ್ನು ಪೂರ್ತಿ ಬಿಚ್ಚುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು.

ಯಾವ ಊರಿನ ಭಾಷೆಯೂ ಅವನಿಗೆ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ‘ಬಿಡು’, ‘ನಂದು’, ‘ನಿನ್ನ ಹಿಂದೆ ಇದ್ದಾನೆ’ ಎಂಬ ಮಾತುಗಳು ಮಾತ್ರ ಎಲ್ಲ ಭಾಷೆಯಲ್ಲೂ ಬರುತ್ತಿದ್ದವು. ಡಿಫೆಂಡರನಿಗೆ ಅಷ್ಟು ಸಾಕು.

ಸೀಸನ್ ಮುಗಿದಾಗಲೆಲ್ಲ ಅವನು ಉಸ್ತಾದರ ಬಳಿ ಬರುತ್ತಿದ್ದ. ಕಾಲಿಗೆ ನಮಸ್ಕರಿಸುತ್ತಿದ್ದ. ಅವರು ಚಹಾ ಮಾಡಿ ಕೊಡುತ್ತಿದ್ದರು. ಈ ಸಲ ಯಾಕೆ ಬಿಟ್ಟರು, ಮುಂದೆ ಎಲ್ಲಿಗೆ ಎಂದು ಒಮ್ಮೆಯೂ ಕೇಳಿದವರಲ್ಲ.

ಈ ಸಲ ಬಂದವನು ನಮಸ್ಕಾರವನ್ನೂ ಮರೆತು ಫೋನು ಹೊರತೆಗೆದ.

“ಉಸ್ತಾದ್ರ, ಇದೊಂದ ನೋಡ್ರಿ. ನೋಡಿ ಹೇಳ್ರಿ, ಆಫ್‌ಸೈಡ್ ಹೌದೋ ಅಲ್ಲೋ.”

ಆಫ್‌ಸೈಡ್ ಎಂದರೆ ಇಷ್ಟೇ. ಚೆಂಡನ್ನು ಮುಂದಕ್ಕೆ ಒದೆಯುವ ಹೊತ್ತಿಗೆ ಎದುರಾಳಿಯೊಬ್ಬ ನಮ್ಮ ಡಿಫೆಂಡರುಗಳನ್ನೆಲ್ಲ ದಾಟಿ ಗೋಲಿನ ಹತ್ತಿರ ನಿಂತಿದ್ದರೆ, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಅದನ್ನು ನೋಡಿ ಹೇಳುವವನು ಮೈದಾನದ ಅಂಚಿನಲ್ಲಿ ಬಾವುಟ ಹಿಡಿದಿರುವ ಲೈನ್ಸ್‌ಮನ್.

ಡಿಫೆಂಡರುಗಳಿಗೆ ಒಂದು ಚಾಳಿ ಇದೆ. ಆಫ್‌ಸೈಡ್ ಅನಿಸಿದ ಕೂಡಲೇ ಲೈನ್ಸ್‌ಮನ್ ಕಡೆ ತಿರುಗಿ ಕೈ ಎತ್ತುತ್ತಾರೆ. ಬಾವುಟ ತಾನಾಗಿ ಏಳದಿದ್ದರೆ ತಮ್ಮ ಕೈ ನೋಡಿಯಾದರೂ ಏಳಲಿ ಎಂದು.

ಫೋನಿನಲ್ಲಿದ್ದದ್ದು ಸೀಸನ್ನಿನ ಕೊನೆಯ ಪಂದ್ಯದ ವಿಡಿಯೊ. ಸಮ ಮಾಡಿಕೊಂಡರೂ ಸಾಕು, ಭರಮಣ್ಣನ ಕ್ಲಬ್ಬು ಕೆಳಗಿನ ಡಿವಿಜನ್ನಿಗೆ ಬೀಳುತ್ತಿರಲಿಲ್ಲ. ಆಟ ಇನ್ನೇನು ಮುಗಿಯಬೇಕು, ಆಗ ಎದುರಾಳಿಗಳು ಒಂದು ಉದ್ದನೆಯ ಚೆಂಡು ಎತ್ತಿ ಹಾಕಿದರು. ಅವರ ಆಟಗಾರ ಒಂದು ಹೆಜ್ಜೆ ಮುಂದಿದ್ದ. ಭರಮಣ್ಣ ಕೈ ಎತ್ತಿದ. ಬಾವುಟ ಏಳಲಿಲ್ಲ. ಗೋಲಾಯಿತು.

ಕ್ಲಬ್ಬು ಕೆಳಗೆ ಬಿತ್ತು. ಮುಂದಿನ ಸೀಸನ್ನಿಗೆ ಬರುವುದು ಬೇಡ ಎಂದು ಅವನಿಗೆ ಹೇಳಿದರು. ಗೋಲ್‌ಕೀಪರ್ ಸ್ಯಾವಿಯೊ, ಊಟಕ್ಕೆ ಕೂತರೆ ಪಕ್ಕದಲ್ಲೇ ಕೂರುತ್ತಿದ್ದವನು, ಅವತ್ತಿನಿಂದ ಭರಮಣ್ಣನ ಫೋನು ಎತ್ತುವುದನ್ನೇ ಬಿಟ್ಟ. ಅವನಿಗೆ ಸೊಕ್ಕು ಬಂದಿದೆ ಎಂದುಕೊಂಡು ಭರಮಣ್ಣನೂ ಸುಮ್ಮನಾದ.

ಅಂದಿನಿಂದ ಆ ವಿಡಿಯೊ ಅವನ ಜೇಬಿನಲ್ಲಿ ಊರೂರು ಸುತ್ತುತ್ತಿತ್ತು. ಎದುರಾಳಿ ಒಂದು ಹೆಜ್ಜೆ ಮುಂದಿರುವ ಕಡೆ ಹೆಬ್ಬೆರಳಿನಿಂದ ಒತ್ತಿ ನಿಲ್ಲಿಸಿ ತೋರಿಸುತ್ತಿದ್ದ. ರೈಲಿನಲ್ಲಿ ಪಕ್ಕ ಕೂತವರಿಗೆ ತೋರಿಸಿದ. ಕ್ಷೌರದಂಗಡಿಯಲ್ಲಿ ತೋರಿಸಿದ. ಗ್ಯಾಸ್ ಒಲೆ ರಿಪೇರಿಗೆ ಬಂದವನೂ ನೋಡದೆ ಹೋಗುವಂತಿರಲಿಲ್ಲ. ಎಲ್ಲರೂ ಪಾಪ ಎಂದರು. ಆಟ ತಿಳಿಯದವರು ಪಾಪ ಎಂದರೆ ಅವನಿಗೆ ಸಮಾಧಾನವಾಗುತ್ತಿರಲಿಲ್ಲ.

ಈಗ ದೂರದ ಬೆಟ್ಟದೂರಿನ ಒಂದು ಸಣ್ಣ ಕ್ಲಬ್ಬಿನಿಂದ ಕರೆ ಬಂದಿತ್ತು. ಹಿಂದೆ ನಿಂತು ಹುಡುಗರಿಗೆ ದಾರಿ ಹೇಳುವ ಒಬ್ಬ ಅನುಭವಸ್ಥ ಬೇಕು ಎಂದು ಅಲ್ಲಿನ ಕೋಚ್ ಹೇಳಿದ್ದರು. ಆದರೆ ಆ ಗೋಲು ಹೇಗಾಯಿತು ಎಂಬುದನ್ನು ಮೊದಲು ನಿನ್ನ ಬಾಯಿಂದ ಕೇಳಬೇಕು ಎಂದೂ ಹೇಳಿದ್ದರು. ಭರಮಣ್ಣ ನಾಳೆ ಹೇಳುತ್ತೇನೆ ಎಂದು ಫೋನಿಟ್ಟಿದ್ದ.

ಇದು ಕೈತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೊಣಕಾಲು ಬೆಳಿಗ್ಗೆ ಹೊತ್ತು ಬೇಗ ಮಡಚುತ್ತಿರಲಿಲ್ಲ. ಉಸ್ತಾದರು ಆಫ್‌ಸೈಡ್ ಎಂದರೆ ಅವರ ಹೆಸರು ಹೇಳಿಯೇ ಕೋಚಿಗೆ ಉತ್ತರ ಕೊಡುವುದು. ಅಲ್ಲ ಎಂದರೆ ಫೋನು ಮಾಡದೆ ಆಟ ಬಿಟ್ಟುಬಿಡುವುದು. ಹೀಗೆಂದು ಬಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ.

ಉಸ್ತಾದರು ಫೋನಿಗೆ ಕೈಯೊಡ್ಡಲಿಲ್ಲ.

“ಕನ್ನಡಕ ಎಲ್ಲಿಟ್ಟೀನೋ ಏನೋ. ನಾಳೆ ನೋಡೂಣು. ಸಂಜೀಕ ಇಲ್ಲೆ ಹುಡುಗ್ರು ಆಡ್ತಾರ, ನೀನೂ ಆಡು.”

ಕನ್ನಡಕ ಮೂಗಿನ ಮೇಲೆಯೇ ಇತ್ತು. ಅದನ್ನು ಹೇಳುವ ಧೈರ್ಯವನ್ನು ಭರಮಣ್ಣ ಮಾಡಲಿಲ್ಲ.

ಸಂಜೆ ಆಟಕ್ಕೆ ಬಂದವರು ಮಿಲ್ಲಿನ ಕೆಲಸಗಾರರು, ಕಾಲೇಜು ಹುಡುಗರು. ಆ ಮೈದಾನದಲ್ಲಿ ಲೈನ್ಸ್‌ಮನ್ ಇರಲಿಲ್ಲ, ಬಾವುಟವೂ ಇರಲಿಲ್ಲ. ಆದರೆ ದೊಡ್ಡ ಕ್ಲಬ್ಬುಗಳಲ್ಲಿ ಆಡಿದ ಭರಮಣ್ಣ ತಮ್ಮ ಜೊತೆ ಆಡುತ್ತಿದ್ದಾನೆಂದು ಎಲ್ಲರಿಗೂ ಹಿಗ್ಗು.

ಮೊದಲ ಚೆಂಡು ಬಂದಾಗ ಅವನು ಅಭ್ಯಾಸಬಲದಿಂದ ಕೈ ಎತ್ತಿದ. ಗೋಲಾಯಿತು. ಆದರೆ ಹೊಡೆದವನೇ ಚೆಂಡು ತಂದು ಅವನ ಮುಂದಿಟ್ಟು, ಹೌದಣ್ಣ, ಆಫ್‌ಸೈಡ್ ಇತ್ತು ಎಂದ. ಭರಮಣ್ಣನಿಗೆ ಎದೆ ಹಗುರಾಯಿತು. ಆಟ ಬಲ್ಲವರು ಇಲ್ಲಿಯಾದರೂ ಇದ್ದಾರಲ್ಲ ಎನಿಸಿತು.

ಆಮೇಲೂ ಕೈ ಎತ್ತಿದ. ಆಮೇಲೂ ಗೋಲು ರದ್ದಾಯಿತು. ಅವನು ಎತ್ತುತ್ತಲೇ ಹೋದ, ಅವರು ಒಪ್ಪುತ್ತಲೇ ಹೋದರು. ಒಂದೆರಡು ಸಲ ಆಫ್‌ಸೈಡ್ ಇರಲಿಲ್ಲ ಎಂದು ಅವನಿಗೇ ಅನುಮಾನ ಬಂತು. ಆದರೂ ಯಾರೂ ಎದುರಾಡಲಿಲ್ಲ. ಆಟ ಮುಗಿಯುವ ಹೊತ್ತಿಗೆ ಮುನ್ನುಗ್ಗಿ ಬರುವವರ ಕಾಲಲ್ಲಿ ಹುರುಪೇ ಉಳಿದಿರಲಿಲ್ಲ. ಕತ್ತಲಾಯಿತೆಂದು ಒಬ್ಬೊಬ್ಬರೇ ಸೈಕಲ್ ಹತ್ತಿದರು. ಇನ್ನೂ ಕತ್ತಲಾಗಿರಲಿಲ್ಲ.

ಉಸ್ತಾದರು ಗೋಲಿನ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

“ಇವತ್ತ ನಿನ್ನ ಮ್ಯಾಲೆ ಒಂದೂ ಗೋಲ ಆಗಲಿಲ್ಲ ನೋಡು,” ಎಂದರು.

“ಹೌದ್ರಿ,” ಎಂದ ಭರಮಣ್ಣ. ಉಸ್ತಾದರ ಬಾಯಿಂದ ಮೆಚ್ಚುಗೆ ಬರುವುದು ಅಪರೂಪ.

“ಅಂಗೀನೂ ತೊಯ್ಯಲಿಲ್ಲ.”

ಭರಮಣ್ಣ ಅಂಗಿ ಮುಟ್ಟಿ ನೋಡಿಕೊಂಡ. ಬೆವರಿರಲಿಲ್ಲ. ಇದು ಮೆಚ್ಚುಗೆಯೋ ಬೈಗುಳವೋ ಗೊತ್ತಾಗಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಅವರು ಎದ್ದು ಒಳಗೆ ಹೋಗಿದ್ದರು.

ಮರುದಿನ ಬೆಳಿಗ್ಗೆ ಉಸ್ತಾದರು ತಾವಾಗಿಯೇ ಕೈ ಚಾಚಿದರು. ಭರಮಣ್ಣ ಫೋನು ಕೊಟ್ಟು, ಪಕ್ಕದಲ್ಲಿ ಕೂತು, ಎಂದಿನಂತೆ ಆ ಜಾಗಕ್ಕೆ ಬಂದಾಗ ಹೆಬ್ಬೆರಳು ಒತ್ತಿ ನಿಲ್ಲಿಸಿದ.

ಉಸ್ತಾದರು ಫೋನನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದರು.

“ಆಫ್‌ಸೈಡ್,” ಎಂದರು. “ಸಂಶಯನ ಇಲ್ಲ. ಲೈನ್ಸ್‌ಮನ್ ತಪ್ಪು ಮಾಡ್ಯಾನ.”

ಭರಮಣ್ಣನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಇಷ್ಟು ದಿನ ಎಲ್ಲೆಲ್ಲೋ ಹುಡುಕಿದ್ದು ಕೊನೆಗೂ ಸಿಕ್ಕಿತ್ತು. ಮೂಗು ಒರೆಸಿಕೊಂಡು, ಕೋಚಿಗೆ ಈಗಲೇ ಹೇಳಿಬಿಡುತ್ತೇನೆ ಎಂದು ಫೋನಿಗೆ ಕೈ ಹಾಕಿದ.

ಉಸ್ತಾದರು ಫೋನು ಬಿಡಲಿಲ್ಲ.

“ತಡಿಯಪಾ. ಮುಂದಿಂದು ನೋಡೂದೈತಿ.”

“ಮುಂದ ಏನೈತ್ರಿ, ಗೋಲ ಆತು.”

“ಆಟಾ ಅರ್ಧಕ್ಕ ಬಿಟ್ಟು ಎದ್ದು ಹೋಗಾವ ಅಲ್ಲ ನಾ.”

ನಿಂತಿದ್ದ ವಿಡಿಯೊ ಮುಂದೆ ಓಡಿತು. ಅದರ ಮುಂದಿನ ಭಾಗವನ್ನು ಭರಮಣ್ಣ ಒಂದು ಸಲವೂ ನೋಡಿರಲಿಲ್ಲ. ನೋಡುವ ಅಗತ್ಯವಿದೆ ಎಂದು ಅವನಿಗೆ ಅನಿಸಿರಲೂ ಇಲ್ಲ.

ಎದುರಾಳಿ ಹೊಡೆದ. ಗೋಲಾಗಲಿಲ್ಲ. ಸ್ಯಾವಿಯೊ ಹಾರಿ ತಡೆದಿದ್ದ. ಚೆಂಡು ಅವನ ಅಂಗೈಯಿಂದ ಪುಟಿದು ಗೋಲಿನ ಮುಂದೆ ಹುಲ್ಲಿನ ಮೇಲೆ ಬಿತ್ತು. ಹೊಡೆದವನು ಹೊಡೆದ ರಭಸಕ್ಕೆ ಜಾರಿ ಬಿದ್ದಿದ್ದ.

ಚೆಂಡು ಅಲ್ಲೇ ಇತ್ತು. ಯಾರದ್ದೂ ಆಗಿರಲಿಲ್ಲ.

ಸ್ಯಾವಿಯೊ ಒಂದು ಮೊಣಕಾಲೂರಿ ಏಳಲು ಹೆಣಗುತ್ತ, ಕೈಬೀಸಿ ಯಾರನ್ನೋ ಕರೆಯುತ್ತಿದ್ದ. ಬಾಯಿ ತೆರೆದು ಕೂಗುತ್ತಿದ್ದುದು ಕಾಣುತ್ತಿತ್ತು. ಅವನು ಕರೆಯುತ್ತಿದ್ದ ದಿಕ್ಕಿನಲ್ಲಿ, ಪರದೆಯ ಅಂಚಿನಲ್ಲಿ, ಭರಮಣ್ಣ ಇದ್ದ. ಕೈ ಮೇಲಿತ್ತು. ಮುಖ ಲೈನ್ಸ್‌ಮನ್ ಕಡೆಗಿತ್ತು. ಕಾಲುಗಳು ಪಕ್ಕಪಕ್ಕ ಜೋಡಿಸಿದಂತೆ ಇದ್ದವು.

ಬಿದ್ದವನು ಎದ್ದ. ನಡೆದುಕೊಂಡು ಬಂದವನ ಹಾಗೆ ಬಂದು ಚೆಂಡನ್ನು ಒಳಗೆ ತಳ್ಳಿದ.

ಚೆಂಡು ಕೀಪರನ ಕೈಗೆ ತಾಗಿ ಹೋಯಿತು ಎಂದು ಆಮೇಲೆ ಯಾರೋ ಹೇಳಿದ್ದು ಭರಮಣ್ಣನಿಗೆ ನೆನಪಿತ್ತು. ಅದು ಅಷ್ಟು ಹೊತ್ತು ಅಲ್ಲಿ ಬಿದ್ದಿತ್ತು ಎಂಬುದು ಗೊತ್ತಿರಲಿಲ್ಲ. ತನ್ನ ಮುದಿ ಮೊಣಕಾಲಿಗೂ ಆ ದೂರ ದೂರವಾಗಿರಲಿಲ್ಲ.

ಉಸ್ತಾದರು ಫೋನನ್ನು ಅವನ ಕೈಗಿಟ್ಟು, ಚಹಾದ ಪಾತ್ರೆ ತೊಳೆಯಲು ಹೋದರು.

ಅವರು ಪಾತ್ರೆ ತೊಳೆದು, ಬೋರಲು ಹಾಕಿ, ಹೊರಗೆ ಬಂದು ಮೈದಾನಕ್ಕೆ ನೀರು ಬಿಟ್ಟರೂ ಭರಮಣ್ಣ ಕೂತಲ್ಲೇ ಕೂತಿದ್ದ. ಕೊನೆಗೆ ಅವರ ಬಳಿ ಹೋಗಿ ನಿಂತ.

“ಉಸ್ತಾದ್ರ, ಆಫ್‌ಸೈಡ್ ಹೌದಲ್ರಿ?”

“ಹೌದಂತ ಹೇಳಿದೆನಲ್ಲೋ.”

“ಮತ್ತ ಕೋಚ್‌ಗೆ ನಾ ಏನ ಹೇಳ್ಲಿ?”

“ನೋಡಿದ್ದ ಹೇಳು. ಪೂರಾ ನೋಡಿದೆಲಾ.”

ಉಸ್ತಾದರು ಪೈಪು ಹಿಡಿದು ಇನ್ನೊಂದು ಗೋಲಿನ ಕಡೆ ನಡೆದರು.

ಭರಮಣ್ಣ ನದಿಯ ಕಡೆ ಹೋಗಿ ಫೋನು ಮಾಡಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಯಾವುದೂ ಉಪಯೋಗಕ್ಕೆ ಬರಲಿಲ್ಲ. ತನಗೆ ಬರುವ ಹರಕುಮುರುಕು ಹಿಂದಿಯಲ್ಲಿ, ಅದು ಆಫ್‌ಸೈಡ್ ಇತ್ತು, ಬಾವುಟ ಏಳಲಿಲ್ಲ, ಕೀಪರ್ ಒಮ್ಮೆ ತಡೆದ, ನಾನು ನಿಂತುಬಿಟ್ಟೆ ಎಂದ. ಉಸ್ತಾದರ ಹೆಸರು ಹೇಳಲಿಲ್ಲ.

ಹೇಳಿ ಮುಗಿಸಿ, ಕೆಲಸ ಹೋಯಿತು ಎಂದುಕೊಂಡ ಭರಮಣ್ಣ. ವಿಚಿತ್ರವೆಂದರೆ, ಹೋದರೆ ಹೋಗಲಿ ಎಂದೂ ಅನಿಸಿತು. ಇನ್ನು ಈ ವಿಡಿಯೊವನ್ನು ಯಾರಿಗೂ ತೋರಿಸಬೇಕಾಗಿರಲಿಲ್ಲ.

ಆದರೆ ಕೋಚ್ ಕೇಳಿದ್ದು ಬೂಟಿನ ಅಳತೆಯನ್ನು. ಬೆಟ್ಟದ ಮೇಲೆ ಚಳಿ ಜಾಸ್ತಿ, ಉಣ್ಣೆ ಬಟ್ಟೆ ತಾ ಎಂದರು. ಬರುವ ವಾರ ಅಭ್ಯಾಸ ಶುರು ಎಂದರು.

ಸ್ಯಾವಿಯೊನಿಗೂ ಏನಾದರೂ ಹೇಳಬೇಕಿತ್ತು. ಏನು ಹೇಳುವುದೆಂದು ಇನ್ನೂ ಹೊಳೆದಿರಲಿಲ್ಲ. ಬಸ್ಸಿನಲ್ಲಿ ಯೋಚಿಸಿದರಾಯಿತು ಎಂದುಕೊಂಡು ಬ್ಯಾಗು ಹೆಗಲಿಗೇರಿಸಿ ಬಂದು, ಉಸ್ತಾದರ ಕಾಲಿಗೆ ನಮಸ್ಕರಿಸಿದ. ಬಂದಾಗ ಮರೆತಿದ್ದ ನಮಸ್ಕಾರವೂ ಅದರಲ್ಲಿ ಸೇರಿತ್ತು.

ಗೇಟಿನವರೆಗೆ ಹೋದವನು ತಿರುಗಿ ಬಂದ. ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು. ಅನ್ಯಾಯ ಆಗಿದ್ದಂತೂ ನಿಜ ತಾನೆ. ಅದನ್ನು ಬಾಯಿ ಮುಚ್ಚಿಕೊಂಡು ನುಂಗಬೇಕೆ?

“ಉಸ್ತಾದ್ರ, ಇನ್ನ ಮ್ಯಾಲೆ ಆಫ್‌ಸೈಡ್ ಇದ್ರೂ ನಾ ಕೈ ಎತ್ತಬಾರದೇನ್ರಿ?”

ಉಸ್ತಾದರು ಪೈಪಿನ ನೀರನ್ನು ಒಣಗಿದ ಹುಲ್ಲಿನ ಕಡೆ ತಿರುಗಿಸಿದರು.

“ಯಾಕ ಎತ್ತಬಾರದು? ಎತ್ತು. ಓಡಕೋತ ಎತ್ತು.”