ಮಸಿ ಮತ್ತು ಸುಣ್ಣ

ರೇವಣಯ್ಯನವರ ಕತ್ತಲಕೋಣೆಗೆ ಒಂದೇ ನಿಯಮ. ಕಾಗದದ ಪೊಟ್ಟಣ ಬಿಚ್ಚಿರುವಾಗ ಬಾಗಿಲು ತೆರೆಯಬಾರದು. ಮನೆಗೆ ಬೆಂಕಿ ಬಿದ್ದರೂ ತೆರೆಯಬಾರದು.

ಫೋಟೋ ಮೂಡುವ ಕಾಗದ ಕೆಂಪು ದೀಪವನ್ನು ಮಾತ್ರ ಸಹಿಸುತ್ತದೆ. ಹಗಲು ಒಳಗೆ ಬಂದರೆ ಇಡೀ ಪೊಟ್ಟಣ ಸತ್ತಂತೆ.

ಶಿಷ್ಯ ಇಂದುಧರ ಆ ನಿಯಮವನ್ನು ಎಂದೂ ಮುರಿದವನಲ್ಲ. ಅವನ ಕೈ ಶುದ್ಧವಾಗಿತ್ತು. ಅಭಿಪ್ರಾಯ ಮಾತ್ರ ಕೈಗಿಂತ ಮುಂದೆ ಓಡುತ್ತಿತ್ತು.

ಮನೆ ತುಂಗಭದ್ರೆಯ ದಂಡೆಯ ಮೇಲಿತ್ತು. ಒಂದು ಬೆಳಿಗ್ಗೆ ಅಕ್ಕಸಾಲಿ ಮೌನೇಶಪ್ಪ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಚಿನ್ನ ಕಟ್ಟಿಕೊಡುವ ತೆಳು ಗುಲಾಬಿ ಕಾಗದದಲ್ಲಿ ಏನನ್ನೋ ಸುತ್ತಿ ತಂದಿದ್ದರು.

ಬಿಚ್ಚಿದರೆ ಒಂದು ನೆಗೆಟಿವ್.

"ನಮ್ಮ ಕಾಳಮ್ಮಂದ್ರಿ" ಎಂದರು. "ಗೋಡೀ ಮ್ಯಾಲಿನ ಪಟ ಗೆದ್ದಲಾ ತಿಂದು ಹೋತು. ಆಕಿ ಮೊದಲ ಹೋಗಿದ್ಲು, ಪಟಾನೂ ಹೋತು. ಉಳಿದದ್ದು ಇದೊಂದ."

"ಪ್ರಿಂಟು ಹಾಕಿಕೊಡೋಣ" ಎಂದರು ಗುರುಗಳು.

"ಲಗೂನ ಹಾಕ್ರಿ. ಉರಿ ಮುಂದ ಕುಂತ ಕಣ್ಣು. ದಿನಾ ಒಂದೀಟು ಬೆಳಕು ಇಳೀತೈತಿ. ಔಷಧ ಇಲ್ಲ ಅಂದಾರ ಡಾಕ್ಟರ. ಪೂರ್ತಿ ಆರೋದ್ರೊಳಗ ಒಮ್ಮೆ ಆಕಿ ಮುಖ ನೋಡಬೇಕ್ರಿ. ಅಷ್ಟ ಸಾಕು."

"ನಾಳೆ ಬನ್ನಿ."

ಅವರು ಹೋದ ಮೇಲೆ ಇಂದುಧರ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದ. ಮಧ್ಯವಯಸ್ಸಿನ ಹೆಂಗಸು. ತಲೆಯ ಮೇಲೆ ಸೆರಗು. ಮೂಗಿನಲ್ಲಿ ದೊಡ್ಡ ನತ್ತು.

"ಯಾವ ಕಾಗದದಲ್ಲಿ ಹಾಕಲಿ, ಗುರುಗಳೇ?"

ಕಪಾಟಿನಲ್ಲಿ ಎರಡು ಬಗೆಯ ಕಾಗದವಿತ್ತು. ಒಂದು ಹೊರದೇಶದ ಹೆಸರಾಂತ ಕಂಪನಿಯದು. ಬೂದುಬಣ್ಣದ ಎಷ್ಟು ಮೆಟ್ಟಿಲು ಬೇಕೋ ಅಷ್ಟನ್ನೂ ಹಿಡಿಯುತ್ತಿತ್ತು. ಇನ್ನೊಂದು ಪೇಟೆಯ ಫೋಟೋ ಅಂಗಡಿಯವನು ತನ್ನದೇ ಮೊಹರು ಒತ್ತಿ ಮಾರುತ್ತಿದ್ದದ್ದು. ಅದರಲ್ಲಿ ನಡುವಿನ ಬೂದು ನಿಲ್ಲುತ್ತಿರಲಿಲ್ಲ. ಕಪ್ಪು ಅಂದರೆ ಕಪ್ಪು, ಬಿಳಿ ಅಂದರೆ ಬಿಳಿ.

"ಎರಡರಲ್ಲೂ ಹಾಕು" ಎಂದರು ಗುರುಗಳು. "ಯಾವುದು ಒಳ್ಳೆಯದು, ನಾಳೆ ಹೇಳು."

ಇಂದುಧರ ನಕ್ಕ. "ಹೋಲಿಸುವುದು ಏನಿದೆ ಗುರುಗಳೇ? ಇದು ರೇಷ್ಮೆ, ಅದು ಗೋಣಿತಟ್ಟು."

"ಗೋಣಿತಟ್ಟು ಹೊದ್ದು ಮಲಗಿದ್ದೀಯೇನು ಎಂದಾದರೂ?"

"ಇಲ್ಲ."

"ಹಾಗಾದರೆ ಎರಡರಲ್ಲೂ ಹಾಕು."

ಅಂಗಡಿ ಕಾಗದದ ಪ್ರಿಂಟನ್ನು ಅವನು ಮೊದಲು ಮುಗಿಸಿದ. ಮಾಡಬೇಕಲ್ಲ ಎಂದು ಮಾಡಿದ. ಹೊರಗೆ ತಂದು ಬೆಳಕಿನಲ್ಲಿ ನೋಡಿದ. ಸೆರಗು, ಕೂದಲು, ಕೆನ್ನೆಯ ನೆರಳು ಎಲ್ಲ ಒಂದೇ ಮಸಿಯ ಮುದ್ದೆ. ಹಣೆ, ಮೂಗಿನ ಏಣು ಸುಣ್ಣ ಬಳಿದಂತೆ.

ಒದ್ದೆಯದನ್ನೇ ಕಸದ ಬುಟ್ಟಿಗೆ ಎಸೆದ.

ಹೊರದೇಶದ ಕಾಗದಕ್ಕೆ ಮಾತ್ರ ಇಡೀ ದಿನ ಕೊಟ್ಟ. ಕೆನ್ನೆಗೆ ಬೀಳುವ ಬೆಳಕನ್ನು ಅಂಗೈಯಿಂದ ತಡೆದ. ಸೆರಗಿನ ಅಂಚಿಗೆ ಬೆರಳ ಸಂದಿಯಿಂದ ಬೆಳಕು ಬಿಟ್ಟ. ಸರಿಬರಲಿಲ್ಲವೆಂದು ಮತ್ತೆ ಮತ್ತೆ ಹಾಕಿದ.

ಸಂಜೆಗೆ ತಟ್ಟೆಯ ರಾಸಾಯನಿಕದಲ್ಲಿ ಕಾಳಮ್ಮ ಮೂಡಿದಳು. ಕಣ್ಣಿನ ಕೆಳಗಿನ ದಣಿವು ಕಾಣುತ್ತಿತ್ತು. ಸೆರಗಿನ ನೂಲು ಎಣಿಸಬಹುದಿತ್ತು. ಯಾವ ಕಪ್ಪೂ ಚುಚ್ಚುತ್ತಿರಲಿಲ್ಲ, ಯಾವ ಬಿಳಿಯೂ ಕೂಗುತ್ತಿರಲಿಲ್ಲ.

ಅದನ್ನು ಒಣಹಾಕಿ ಹೊರಗೆ ಬಂದಾಗ ಗುರುಗಳು ಹಿತ್ತಲ ತೊಟ್ಟಿಯಲ್ಲಿ ಬಗ್ಗಿ ಏನನ್ನೋ ತೊಳೆಯುತ್ತಿದ್ದರು. ಇಂದುಧರ ಕೇಳಲಿಲ್ಲ.

ಬೆಳಿಗ್ಗೆ ಪ್ರಿಂಟನ್ನು ಅವರ ಮುಂದೆ ಇಟ್ಟ. ಗುರುಗಳು ಕನ್ನಡಕ ಒರೆಸಿ ನೋಡಿದರು. ಬಹಳ ಹೊತ್ತು ನೋಡಿದರು.

"ತಪ್ಪಿಲ್ಲ" ಎಂದರು.

ಆ ಬಾಯಿಂದ ಆ ಪದವನ್ನು ಇಂದುಧರ ಕೇಳಿಯೇ ಇರಲಿಲ್ಲ.

"ಇನ್ನೊಂದು ಎಲ್ಲಿ?"

"ಬುಟ್ಟಿಗೆ ಹಾಕಿದೆ."

"ಯಾಕೆ?"

"ನೋಡುವ ಹಾಗಿರಲಿಲ್ಲ."

"ಯಾರು ನೋಡುವ ಹಾಗಿರಲಿಲ್ಲ?"

ಗುರುಗಳ ಇಂಥ ಪ್ರಶ್ನೆಗಳು ಅವನಿಗೆ ಹೊಸವಲ್ಲ. ಅವನು ಉತ್ತರ ಹುಡುಕುವ ಗೋಜಿಗೆ ಹೋಗಲಿಲ್ಲ. 'ತಪ್ಪಿಲ್ಲ' ಎಂಬ ಮಾತು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು.

ಅಷ್ಟರಲ್ಲಿ ಮೌನೇಶಪ್ಪ ಬಂದರು. ಒಗೆದ ಧೋತರ ಉಟ್ಟಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು.

"ಹೆಂಡ್ತಿನ್ನ ನೋಡಾಕ ಹೊಂಟೇನಿ, ಗಡ್ಡ ಬಿಟ್ಕೊಂಡು ಹೋದ್ರ ಒಳಗ ಬಿಟ್ಕೊಂತಾಳೇನ್ರಿ?" ಎಂದು ನಕ್ಕರು.

ಇಂದುಧರ ಎರಡೂ ಕೈಯಿಂದ ಪ್ರಿಂಟು ಕೊಟ್ಟ.

ಅವರು ಅಂಗಳದ ಬಿಸಿಲಿಗೆ ಹೋದರು. ಪ್ರಿಂಟನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಓರೆ ಮಾಡಿದರು. ಮೂಗಿಗೆ ತಾಗುವಷ್ಟು ಹತ್ತಿರ ತಂದು ನಿಂತರು.

"ಬರೇ ಕಾಗದ ಕೊಟ್ಟೀರೇನ್ರಿ?" ಎಂದರು.

"ಅಂದರೆ?"

"ಇದರಾಗ ಯಾರೂ ಇಲ್ಲ."

ಇಂದುಧರ ಓಡಿಹೋಗಿ ಪಕ್ಕದಲ್ಲಿ ನಿಂತ. "ಸರಿಯಾಗಿ ನೋಡಿ ಯಜಮಾನರೇ. ಇದು ಕಣ್ಣು. ಇದು ಸೆರಗು. ಸೆರಗಿನ ನೂಲು ಕೂಡ ಬಂದಿದೆ, ನೋಡಿ, ಇಲ್ಲಿ..."

ಅವನ ಬೆರಳು ಹೋದಲ್ಲೆಲ್ಲ ಮೌನೇಶಪ್ಪನವರ ಮುಖ ಹೋಯಿತು.

"ಇರಬಹುದ್ರಿ" ಎಂದರು ಕೊನೆಗೆ. "ನೀವು ಹೇಳ್ತೀರಂದ್ರ ಇರಬಹುದು. ನನಗ ಬೂದಿ ಕಂಡಂಗ ಕಾಣ್ತೈತಿ."

ಪ್ರಿಂಟನ್ನು ಹಿಂದಕ್ಕೆ ಕೊಟ್ಟರು. ತಡಕಾಡಿ ಮೆಟ್ಟಿಲ ಮೇಲೆ ಕುಳಿತರು. ಹೆಬ್ಬೆರಳಿನಿಂದ ಒಂದೊಂದೇ ಕಣ್ಣು ಒತ್ತಿಕೊಂಡರು.

"ತಡಾ ಮಾಡಿದ್ನಿ. ಕಣ್ಣು ಹೋತು ಅಂತ ಕಾಣ್ತೈತಿ."

ಇಂದುಧರನ ಕೈಯಲ್ಲಿ ತಪ್ಪಿಲ್ಲದ ಪ್ರಿಂಟು ಇತ್ತು. ಎದುರಿಗೆ ಅದನ್ನು ನೋಡಲಾರದ ಮನುಷ್ಯ.

ಗುರುಗಳು ಹಿತ್ತಲಿಗೆ ಹೋದರು. ತೊಟ್ಟಿಯಿಂದ ಒಂದು ಒದ್ದೆ ಹಾಳೆ ತಂದರು. ಬುಟ್ಟಿಯಲ್ಲಿ ಬಿದ್ದು ಒಂದು ಮೂಲೆ ಮಡಚಿತ್ತು. ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅದನ್ನು ಮೌನೇಶಪ್ಪನವರ ಅಂಗೈಯಲ್ಲಿಟ್ಟರು.

"ಇದನ್ನು ನೋಡಿ."

"ಬ್ಯಾಡ್ರಿ ಸ್ವಾಮಿ. ಸುಮ್ನ ಯಾಕ..."

ಮಾತು ಅಲ್ಲಿಗೇ ನಿಂತಿತು.

ಅವರು ಹಾಳೆಯನ್ನು ಎತ್ತಿದರು. ಉಗುರಿನ ತುದಿ ಹಾಳೆಯ ಮೇಲೆ ಮೆಲ್ಲಗೆ ಸರಿದು ಒಂದು ಬಿಳಿ ಚುಕ್ಕೆಯ ಮೇಲೆ ನಿಂತಿತು.

"ನತ್ತು" ಎಂದರು. "ಇದು ನಾ ಮಾಡಿದ ನತ್ತು."

ಉಗುರು ಚುಕ್ಕೆಯ ಸುತ್ತ ಒಮ್ಮೆ ತಿರುಗಿತು.

"ಒಂದು ಹರಳು ವಾರಿ ಕುಂತಿತ್ತು, ಸೊಟ್ಟಗ. ಬಿಚ್ಚಿ ಕೂಡ್ರಸ್ತೀನಿ ಕೊಡ ಅಂದ್ರ ಕೊಡಲಿಲ್ಲ ಆಕಿ. ಮದಿವಿ ದಿನ ಹಾಕ್ಕೊಂಡದ್ದು ತಗ್ಯಾಕಿಲ್ಲ ಅಂದ್ಲು. ಸಾಯೂತನಕಾ ವಾರೀನ ಇತ್ತು."

ಉಗುರು ಚುಕ್ಕೆಯಿಂದ ಹಣೆಗೆ ಹೋಯಿತು. ಹಣೆಯಿಂದ ಕಪ್ಪು ಸೆರಗಿಗೆ ಇಳಿಯಿತು.

"ಮೊದಲ ಕರೇ ಬಣ್ಣದಾಕಿ" ಎಂದರು. "ಇನ್ನೂ ಕರ‍್ರಗ ಮಾಡೀರಲ್ರಿ. ಇದ್ದಿದ್ರ ನಿಮ್ಮ ಜೋಡಿ ಜಗಳಾನ ತಗೀತಿದ್ಲು."

ನಗುತ್ತಲೇ ಇದ್ದರು. ಕಣ್ಣೀರು ಹಾಳೆಯ ಮೇಲೆ ಬೀಳದ ಹಾಗೆ ಮುಖ ಮಾತ್ರ ಆಚೆ ತಿರುಗಿಸಿದರು. ಮತ್ತೆ ತಕ್ಷಣ ಈಚೆ ತಿರುಗಿಸಿದರು. ನೋಡುವುದನ್ನು ಬಿಡಲು ಅವರಿಗೆ ಪುರಸೊತ್ತಿರಲಿಲ್ಲ.

ಅವರು ಹೋದ ಮೇಲೆ ಇಂದುಧರ ಗುರುಗಳ ಮುಂದೆ ಕುಳಿತ.

"ನೀವು ತಪ್ಪಿಲ್ಲ ಅಂದಿರಿ."

"ತಪ್ಪಿರಲಿಲ್ಲ."

"ಹಾಗಾದರೆ ಅವರಿಗೆ ಯಾಕೆ ಕಾಣಲಿಲ್ಲ?"

"ಪ್ರಿಂಟು ಹಾಕುವಾಗ ಯಾರ ಕಣ್ಣು ಇಟ್ಟುಕೊಂಡಿದ್ದೆ?"

ಇಂದುಧರ ತಲೆ ತಗ್ಗಿಸಿದ. ಅವನ ತಲೆ ತಗ್ಗಿದ್ದನ್ನು ಗುರುಗಳು ನೋಡಿದರು. ಅದನ್ನು ಅಷ್ಟಾಗಿ ನಂಬಲಿಲ್ಲ.

ಮರುದಿನ ಕತ್ತಲಕೋಣೆಯ ಕಪಾಟು ಬದಲಾಗಿತ್ತು. ಅಂಗಡಿ ಕಾಗದದ ಪೊಟ್ಟಣಗಳು ಮೇಲಿನ ಹಲಗೆಗೆ ಬಂದಿದ್ದವು. ಹೊರದೇಶದ ಕಾಗದದ ಡಬ್ಬಿ ಕೆಳಗಿಳಿದು, ಒರೆಸುವ ಬಟ್ಟೆಯ ಪಕ್ಕದಲ್ಲಿ ಕುಳಿತಿತ್ತು.

ಗುರುಗಳು ಒಳಗೆ ಬಂದಾಗ ಕೆಂಪು ದೀಪ ಉರಿಯುತ್ತಿತ್ತು. ಇಂದುಧರ ಬಾಗಿಲಿಗೆ ಅಗುಳಿ ಹಾಕಿದ. ಅಂಗಡಿಯ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದ.

"ಇನ್ನು ಮೇಲೆ ಇದೊಂದೇ, ಗುರುಗಳೇ. ಕಣ್ಣು ತೆರೆಯಿತು. ಆ ರೇಷ್ಮೆಯ ಸಹವಾಸ ಸಾಕು."

"ಈಗ ಯಾರ ಪ್ರಿಂಟು ಹಾಕುತ್ತಿದ್ದೀಯೆ?"

"ಬೆಳಿಗ್ಗೆ ಯಾರೋ ಕೊಟ್ಟುಹೋದರು."

"ಯಾರು?"

"ಕೇಳಲಿಲ್ಲ."

"ನೆಗೆಟಿವಿನಲ್ಲಿ ಏನಿದೆ?"

"ಇನ್ನೂ ನೋಡಿಲ್ಲ. ಏನಿದ್ದರೇನು ಗುರುಗಳೇ? ಕಾಗದ ಇದೇ ತಾನೆ."

ಗುರುಗಳು ಬಾಗಿಲ ಬಳಿ ಹೋದರು. ಅಗುಳಿ ತೆಗೆದರು. ಬಾಗಿಲನ್ನು ಗೋಡೆಗೆ ತಾಗುವ ತನಕ ತೆರೆದರು.

ನದಿಯ ಮೇಲಿನ ಬಿಸಿಲೆಲ್ಲ ಒಮ್ಮೆಲೇ ಒಳಗೆ ಬಿತ್ತು.

ಇಂದುಧರ ಕಿರುಚಿದ. ಹಾಳೆಗಳ ಮೇಲೆ ಮೈ ಚೆಲ್ಲಿ ಬಿದ್ದ. ಕೈ ಅಡ್ಡ ಹಿಡಿದ, ಅಂಗಿ ಅಡ್ಡ ಹಿಡಿದ. ತಡವಾಗಿತ್ತು. ಅವನ ಕಣ್ಣೆದುರೇ ಬಿಳಿ ಹಾಳೆಗಳು ನಸುನೇರಳೆಗೆ ತಿರುಗತೊಡಗಿದವು.

"ಬಾಗಿಲು! ಗುರುಗಳೇ, ನೀವೇ! ನಿಮ್ಮ ನಿಯಮ!"

ಗುರುಗಳು ಹೊಸ್ತಿಲ ಮೇಲೆ ನಿಂತಿದ್ದರು. ಬಾಗಿಲು ಮುಚ್ಚಲಿಲ್ಲ.

"ಆ ಮನುಷ್ಯನಿಗೆ ಹೆಂಡತಿಯನ್ನು ತೋರಿಸಿದ ಕಾಗದ ಇದು!" ಇಂದುಧರ ಕೂಗಿದ. "ಕಣ್ಣಾರೆ ನೋಡಿದಿರಿ ನೀವು! ಈ ಕಾಗದವನ್ನು ಅವರು ಹೇಗೆ ನೋಡಿದರು, ಎಷ್ಟು ಹೊತ್ತು ನೋಡಿದರು!"

ಗುರುಗಳು ಚಪ್ಪಲಿ ಮೆಟ್ಟಿದರು.

"ಕಾಗದವೇ? ಮೌನೇಶಪ್ಪ ಕಾಗದವನ್ನು ಎಲ್ಲಿ ನೋಡಿದನಯ್ಯಾ?"