ಮಂಚದ ಕಡೆಯ ಫೋಟೊ

ಮುಖಂಡ ಚೌಡಪ್ಪನವರ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚುವುದು ವಾಡಿಕೆ. ಹೋದ ವರ್ಷ ಹಣ್ಣು ಪಡೆದ ರೋಗಿ ಅಲ್ಲಿನ ಜವಾನ ಮಾದಯ್ಯನ ಹೆಂಡತಿ. ಆಗ ತೆಗೆದದ್ದೇ ಅವಳ ಕೊನೆಯ ಫೋಟೊ. ಅದರಲ್ಲಿ ಚೌಡಪ್ಪನವರ ಮೀಸೆಯ ಕೂದಲು ಎಣಿಸಬಹುದು. ಅವಳ ಮುಖ ಬರೀ ಮಂಜು.

ಈ ವರ್ಷ ಅವರು ಮೊಬೈಲನ್ನು ಮಾದಯ್ಯನ ಕೈಗೇ ಕೊಟ್ಟರು. "ಪೋರ್ಟ್ರೇಟಲ್ಲಿ ತೆಗಿಯೋ. ಹಿಂದಿರೋದೆಲ್ಲ ಮಸುಕಾಗ್ಬೇಕು."

"ಆಗ್ಲಿ ಯಜಮಾನ್ರೆ."

ಮಾದಯ್ಯ ಹೋಗಿ ರೋಗಿ ಅಜ್ಜಿಯ ದಿಂಬಿನ ಪಕ್ಕ ನಿಂತ. "ಇತ್ತ ನೋಡವ್ವ" ಎಂದು ಒತ್ತಿದ.

ಫೋಟೊದಲ್ಲಿ ಅಜ್ಜಿಯ ಸುಕ್ಕು ಒಂದೊಂದೂ ಸ್ಪಷ್ಟ. ಆಚೆಗೆ ಹಾರ ಹಾಕಿಕೊಂಡ ಒಂದು ಮಬ್ಬು.

"ನಾನೆಲ್ಲೋ?"

"ಮಂಚದ ಕಡೆಯಿಂದ ನೋಡಿದ್ರೆ ನೀವೇ ಹಿಂದೆ ಯಜಮಾನ್ರೆ."

ಚೌಡಪ್ಪನವರು ಕೆಂಡವಾದರು. "ಅಳಿಸೋ ಅದನ್ನ."

"ಅಜ್ಜಿ ಮಗನ ನಂಬರಿಗೆ ಆಗ್ಲೇ ಕಳಿಸಿಬಿಟ್ಟೆ," ಮಾದಯ್ಯ ದನಿ ತಗ್ಗಿಸಿ ಹೇಳಿದ. "ನಾಳೆ ಗೋಡೆಗೆ ಹಾಕೋಕೆ ಅವನಿಗಾದ್ರೂ ಒಂದು ಮುಖ ಬೇಕಲ್ಲ."